ಕತೆಗೂ ಕತ್ತೆಗೂ ನಡುವೆ

ಕೊರೊನಾ ಬಂದು ಶಾಲೆ ಮುಚ್ಚದೇ ಇದ್ದಿದ್ದರೆ, ನನ್ನ ಮಗಳಿಗೆ ಓದಲು ಬರುತ್ತಿಲ್ಲ ಅನ್ನುವುದು ಇನ್ನೂ ಒಂದೆರಡು ವರ್ಷ ನನಗೆ ತಿಳಿಯುತ್ತಲೇ ಇರಲಿಲ್ಲವೇನೋ.

ಆಗ ನಾವು ಟೋಕಿಯೋ ಪಕ್ಕದ ಉರಯಾಸುವಿನಲ್ಲಿದ್ದೆವು. ಇವರು ಮೈಸೂರಿನಿಂದ ಸಾಫ್ಟ್‌ವೇರ್ ಕೆಲಸದ ಮೇಲೆ ಜಪಾನಿಗೆ ಬಂದವರು, ಮದುವೆಯಾದ ಮೇಲೆ ನಾನೂ ಬಂದೆ, ಮಗಳು ಇಲ್ಲೇ ಹುಟ್ಟಿದಳು. ಭಾರತೀಯರ ಶಾಲೆಯೋ ಜಪಾನಿ ಶಾಲೆಯೋ ಅಂತ ತಿಂಗಳುಗಟ್ಟಲೆ ಚರ್ಚೆ ಮಾಡಿ, ಕೊನೆಗೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಪಕ್ಕದ ಸರ್ಕಾರಿ ಶಾಲೆಗೆ ಸೇರಿಸಿದ್ದೆವು. ನಾನು ಕನ್ನಡದಲ್ಲಿ ಮಾತಾಡಿಸಿದರೆ ಅವಳು ಜಪಾನಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಪ್ಪನ ಜೊತೆ ಅರ್ಧ ಇಂಗ್ಲಿಷು. ಹೀಗೇ ನಡೆಯುತ್ತಿತ್ತು, ಯಾರಿಗೂ ಏನೂ ತೊಂದರೆ ಇರಲಿಲ್ಲ.

ಜಪಾನಿನ ಶಾಲೆಗಳಲ್ಲಿ ಪುಟ್ಟ ಮಕ್ಕಳಿಗೆ ದಿನಾ ಒಂದು ಹೋಂವರ್ಕ್ ಇರುತ್ತದೆ: ಪಾಠವನ್ನು ಮನೆಯವರ ಎದುರು ಗಟ್ಟಿಯಾಗಿ ಓದುವುದು. ಒಂದನೇ ತರಗತಿಯಲ್ಲಿ ಅವಳು ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ, ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಸುಮ್ಮನೆ ಕೇಳುತ್ತಾ ನಿಂತುಬಿಡುತ್ತಿದ್ದೆ. ನರಿ ಬಂದರೆ ನರಿಯ ದನಿ, ಅಜ್ಜಿ ಬಂದರೆ ಅಜ್ಜಿಯ ದನಿ. ಮಗಳಿಗೆ ನನ್ನ ಹಾಗೆ ಓದುವ ಹುಚ್ಚು ಹತ್ತಿತು ಅಂತ ಒಳಗೊಳಗೇ ಬೀಗುತ್ತಿದ್ದೆ. ಮದುವೆಗೆ ಮುಂಚೆ ನಾನು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಪುಟದಲ್ಲಿ ತಪ್ಪು ಅಕ್ಷರವಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ನನಗೆ ತಕ್ಷಣ ಸಿಗುತ್ತಿತ್ತು.

ಆ ವರ್ಷ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಏಪ್ರಿಲ್‌ನಲ್ಲಿ ಎರಡನೇ ತರಗತಿ ಶುರುವಾಗಬೇಕಿತ್ತು, ಆಗಲಿಲ್ಲ. ಶಾಲೆಯ ಗೇಟಿನ ಹತ್ತಿರ ಹೊಸ ಪುಸ್ತಕ ಕೊಟ್ಟರು, ಜೊತೆಗೆ ಮನೆಯಲ್ಲಿ ಮಾಡಲು ಒಂದು ಕಂತೆ ಪ್ರಿಂಟು. ಮಾರನೇ ದಿನ ಊಟದ ಮೇಜಿನ ಮೇಲೆ ಹೊಸ ಪುಸ್ತಕದ ಮೊದಲ ಪಾಠ ತೆಗೆದು, "ಓದು ಮರಿ" ಅಂದೆ.

ಅವಳು ಶುರು ಮಾಡಿದಳು. ಕಪ್ಪೆ, ಮಳೆ, ಕೊಡೆ, ಏನೋ ಹೇಳಿದಳು. ದನಿ ಎಂದಿನಂತೆ ಚೆಂದ. ಆದರೆ ನಾನು ಅವತ್ತು ಪಕ್ಕದಲ್ಲೇ ಕೂತಿದ್ದೆ. ನನಗೂ ಜಪಾನಿಯ ಮೊದಲ ಅಕ್ಷರಮಾಲೆಯಾದ ಹಿರಗಾನದ ಅಕ್ಷರಗಳನ್ನು ಕೂಡಿಸಿಕೊಂಡು ಓದುವಷ್ಟು ಬರುತ್ತಿತ್ತು. ಪುಟದಲ್ಲಿ ಕೊಡೆ ಅನ್ನುವ ಮಾತೇ ಇರಲಿಲ್ಲ. ಕೊಡೆ ಇದ್ದದ್ದು ಚಿತ್ರದಲ್ಲಿ.

"ಇಲ್ಲಿ ಬೆರಳಿಟ್ಟು ಓದು," ಅಂದೆ.

ಬೆರಳಿಟ್ಟಳು. ಮೊದಲ ಅಕ್ಷರ ಹೇಳಿದಳು. ಎರಡನೆಯದಕ್ಕೆ ನಿಂತಳು. ಮೂರನೆಯದನ್ನು ಊಹಿಸಿದಳು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಮೊದಲನೆಯದು ಮರೆತುಹೋಗಿತ್ತು. ಆಮೇಲೆ ನನ್ನ ಮುಖ ನೋಡಿದಳು. ಆ ನೋಟವನ್ನು ಏನೆಂದು ಹೇಳಲಿ, ಸಿಕ್ಕಿಬಿದ್ದೆ ಅನ್ನುವ ನೋಟ ಅದು. ಏಳು ವರ್ಷದ ಮಗು, ಒಂದು ವರ್ಷ ಪೂರ್ತಿ ತರಗತಿಯವರೆಲ್ಲ ಒಟ್ಟಾಗಿ ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಬಂದು ನನ್ನೆದುರು ಒಪ್ಪಿಸಿದ್ದಳು. ಈಗ ಕೇಳಿಸಿಕೊಳ್ಳಲು ತರಗತಿ ಇರಲಿಲ್ಲ.

ಇವರಿಗೆ ಹೇಳಿದೆ. ಇವರೂ ಮನೆಯಲ್ಲೇ ಇದ್ದರು, ಆಫೀಸೆಲ್ಲ ನಮ್ಮ ಮಲಗುವ ಕೋಣೆಯ ಮೂಲೆಯ ಮೇಜಿಗೆ ಬಂದಿತ್ತು.

"ರೀ, ಇವಳಿಗೆ ಓದೋಕೆ ಬರ್ತಿಲ್ಲ."

"ಹೋದ ವರ್ಷ ಅಷ್ಟು ಚೆನ್ನಾಗಿ ಓದ್ತಿದ್ಲಲ್ಲ?"

"ಅದು ಬಾಯಿಪಾಠ. ಒಂದಕ್ಷರಾನೂ ಅವಳು ನೋಡಿ ಓದ್ತಿರ್ಲಿಲ್ಲ."

ಇವರು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಮೂರು ಭಾಷೆ ತಲೇಲಿ ತುಂಬಿದ್ರೆ ಹಾಗೇ ಆಗೋದು. ಪ್ರಾಕ್ಟೀಸ್ ಮಾಡಿಸು, ಸರಿ ಹೋಗತ್ತೆ. ಸುಮ್ನೆ ಅದಕ್ಕೊಂದು ಹೆಸರಿಟ್ಟು ಮಗೂನ ಪೇಷೆಂಟ್ ಮಾಡ್ಬೇಡ."

ನಾನು ಯಾವ ಹೆಸರನ್ನೂ ಹೇಳಿರಲಿಲ್ಲ. ಡಿಸ್ಲೆಕ್ಸಿಯಾ ಅನ್ನುವ ಪದ ನನಗೆ ಗೊತ್ತಿತ್ತು, ಆದರೆ ಅವತ್ತು ಅದು ನನ್ನ ತಲೆಯಲ್ಲಿ ಹಾದೂ ಹೋಗಿರಲಿಲ್ಲ.

ಪ್ರಾಕ್ಟೀಸ್ ಮಾಡಿಸಿದೆ. ಜಪಾನಿಯ 'ನೆ', 'ನು', 'ಮೆ' ಅಕ್ಷರಗಳು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಹಾಗಿರುತ್ತವೆ, ಅವಳಿಗೆ ಮೂರೂ ಒಂದೇ. ಅದಕ್ಕಿಂತ ಕಷ್ಟ, ಒತ್ತಿ ಹೇಳಬೇಕಾದ ಕಡೆ ನಡುವೆ ಬರೆಯುವ ಒಂದು ಪುಟ್ಟ ಅಕ್ಷರ. 'ಕಿತೆ' ಅಂದರೆ ಬಾ. ಆ ಪುಟ್ಟ ಅಕ್ಷರ ನಡುವೆ ಬಂದರೆ 'ಕಿತ್ತೆ', ಅಂದರೆ ಅಂಚೆಚೀಟಿ. ಅವಳು ಅದನ್ನು ಓದುವಾಗ ನೋಡುತ್ತಲೇ ಇರಲಿಲ್ಲ, ಬರೆಯುವಾಗ ಎಲ್ಲೆಂದರಲ್ಲಿ ಹಾಕುತ್ತಿದ್ದಳು. ಹತ್ತು ಸಲ ಬರೆಸಿದೆ, ಇಪ್ಪತ್ತು ಸಲ ಬರೆಸಿದೆ. ಸ್ವಲ್ಪ ದಿನಕ್ಕೆ ಪುಸ್ತಕ ತೆಗೆದರೆ ಸಾಕು ಹೊಟ್ಟೆನೋವು ಅನ್ನತೊಡಗಿದಳು. ನೆಪ ಅಂದುಕೊಂಡೆ. ಒಂದು ದಿನ ನಿಜವಾಗಿಯೂ ವಾಂತಿ ಮಾಡಿಕೊಂಡಳು. ಅವತ್ತು ಪುಸ್ತಕ ಮುಚ್ಚಿಟ್ಟೆ.

ತರಗತಿಯ ಟೀಚರಿಗೆ ಫೋನ್ ಮಾಡಿದೆ. ನನ್ನ ಹರಕುಮುರುಕು ಜಪಾನಿಯಲ್ಲಿ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಕೊನೆಗೆ, "ಯೋಸು ಓ ಮಿಮಾಶೋ" ಅಂದರು. ಸ್ವಲ್ಪ ದಿನ ಕಾದು ನೋಡೋಣ ಅಂತ ಅದರ ಅರ್ಥ. ಪಟ್ಟಣದ ಶಿಕ್ಷಣ ಸಲಹಾ ಕೇಂದ್ರಕ್ಕೆ ಮಾಡಿದೆ. ಸೋಂಕಿನ ಕಾರಣಕ್ಕೆ ಎದುರುಬದುರು ಕೂತು ಮಾಡುವ ಪರೀಕ್ಷೆಗಳೆಲ್ಲ ನಿಂತಿವೆ, ಕಾದು ನೋಡಿ ಅಂದರು. ಮಕ್ಕಳ ಡಾಕ್ಟರೂ ಅದನ್ನೇ ಹೇಳಿದರು. ಎಲ್ಲರೂ ಎಷ್ಟು ವಿನಯದಿಂದ ಹೇಳುತ್ತಿದ್ದರೆಂದರೆ, ಸಿಟ್ಟು ಮಾಡಿಕೊಳ್ಳಲೂ ದಾರಿ ಇರಲಿಲ್ಲ.

ಟೋಕಿಯೋ ಕಡೆಯ ಕನ್ನಡದ ಹೆಂಗಸರದ್ದು ಒಂದು ವಾಟ್ಸಾಪ್ ಗುಂಪಿತ್ತು. ಬೇರೆ ಊರಿನವರೂ ಕೆಲವರು ಅದರಲ್ಲಿದ್ದರು. ಎಲ್ಲಿ ಕರಿಬೇವು ಸಿಗುತ್ತದೆ, ಯಾರು ದೋಸೆ ಹಿಟ್ಟು ಮಾರುತ್ತಾರೆ ಅನ್ನುವ ಮಾತಿನ ನಡುವೆ ನಾನೊಂದು ಪ್ರಶ್ನೆ ಹಾಕಿದೆ. 'ನನ್ನ ಮಗಳು' ಅಂತ ಬರೆಯಲು ಬೆರಳು ಏಳಲಿಲ್ಲ. 'ಗುರುತಿನವರೊಬ್ಬರ ಮಗು' ಅಂತ ಬರೆದೆ.

ಉತ್ತರಗಳು ಬಂದವು. ಒಂದೆಲಗದ ಚಟ್ನಿ ಮಾಡಿ ಕೊಡಿ. ರಾತ್ರಿ ಬಾದಾಮಿ ನೆನೆಸಿ ಬೆಳಿಗ್ಗೆ ಕೊಡಿ. ಆನ್‌ಲೈನಿನಲ್ಲಿ ಅಬಾಕಸ್ ಕ್ಲಾಸಿದೆ, ಏಕಾಗ್ರತೆ ಬರುತ್ತದೆ. ಮಗುವನ್ನು ಅಜ್ಜಿ ಮನೆಗೆ ಕಳಿಸಿ, ಆದರೆ ಈಗ ವಿಮಾನವಿಲ್ಲ. ಇವೆಲ್ಲದರ ಮಧ್ಯೆ ನಾಲ್ಕೈದು ಜನ ಒಂದೇ ಮಾತು ಹೇಳಿದ್ದರು: ಮನೆಯಲ್ಲಿ ಕನ್ನಡ ನಿಲ್ಲಿಸಲಿ. ಒಂದೇ ಭಾಷೆ ಇರಲಿ. ಮಗುವಿನ ತಲೆಗೆ ಭಾರವಾಗಿದೆ.

ಇವರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ನನಗೂ ಇರಬಹುದು ಅನ್ನಿಸಿತು. ಮಗುವಿಗೆ ಒಳ್ಳೆಯದಾಗುವುದಾದರೆ ನನ್ನ ಭಾಷೆ ಏನು ಮಹಾ? ಒಂದು ಸೋಮವಾರ ಅವಳನ್ನು ಕೂರಿಸಿಕೊಂಡು, ಇನ್ನು ಮೇಲೆ ಮನೆಯಲ್ಲೂ ಜಪಾನಿಯೇ ಮಾತಾಡೋಣ ಅಂತ ಜಪಾನಿಯಲ್ಲೇ ಹೇಳಿದೆ. ಅವಳು ತಲೆಯಾಡಿಸಿದಳು.

ನನ್ನದು ಅಂಗಡಿಯ ಜಪಾನಿ, ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ತರಲು, ಸ್ಟೇಷನ್ನಿನಲ್ಲಿ ದಾರಿ ಕೇಳಲು ಸಾಕಾಗುವಂಥದ್ದು. ಊಟ ಮಾಡು, ಕೈ ತೊಳಿ, ಬೇಗ ಬಾ, ಇಷ್ಟರಲ್ಲಿ ನನ್ನ ಮಾತು ಮುಗಿಯುತ್ತಿತ್ತು. ಗದರಿಸಲು ಬರುತ್ತಿರಲಿಲ್ಲ, ಮುದ್ದು ಮಾಡಲು ಬರುತ್ತಿರಲಿಲ್ಲ. ತಲೆ ಬಾಚುವಾಗ ನಾನು ಸುಮ್ಮನೆ ಹೇಳುತ್ತಿದ್ದ ಸಾವಿರ ಮಾತುಗಳಿರುತ್ತವಲ್ಲ, ಅವೆಲ್ಲ ನಿಂತವು. ಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಸದ್ದು ಮಾತ್ರ. ಸ್ವಲ್ಪ ದಿನ ಹೀಗೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ನನ್ನ ಹತ್ತಿರ ಬಂದು ಸೀರೆಯ... ಅಲ್ಲ, ಜಪಾನಿನಲ್ಲಿ ನಾನು ಸೀರೆ ಉಡುತ್ತಿರಲಿಲ್ಲ, ಕುರ್ತಾದ ಅಂಚು ಹಿಡಿದು ನಿಂತಳು.

"ಅಮ್ಮಾ, ಒಕೊತ್ತೆರು ನೋ?"

ನನ್ನ ಮೇಲೆ ಕೋಪಾನಾ ಅಂತ ಕೇಳುತ್ತಿದ್ದಳು.

ಅದೇ ವಾರ ನನಗೊಂದು ಫೋನ್ ಬಂತು. ಗೊತ್ತಿಲ್ಲದ ನಂಬರು. ಕೋಬೆಯಿಂದ ಮಾತಾಡುತ್ತಿದ್ದೇನೆ ಅಂದರು ಆಕೆ. ಹುಬ್ಬಳ್ಳಿ ಕಡೆಯವರೆಂದು ಮೊದಲ ಮಾತಿಗೇ ಗೊತ್ತಾಯಿತು.

"ಗುಂಪಿನ್ಯಾಗ ಕೇಳಿದ್ರೆಲ್ಲ, ಗುರುತಿನವರ ಕೂಸು ಅಂತ. ಆ ಗುರುತಿನವರು ನೀವ ಅಲ್ಲೇನ್ರಿ?"

ನಾನು ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡೆ.

"ಇರಲಿ ಬಿಡ್ರಿ. ನಾನೂ ಮೊದಲ ಹಂಗ ಕೇಳಿದ್ದೆ. ನಮ್ಮ ಮಗಳಿಗೂ ಹಿಂಗ ಐತಿ. ಮಿಡ್ಲ್ ಸ್ಕೂಲಿನ್ಯಾಗ ಅದಾಳ ಈಗ."

ಅಷ್ಟು ಕೇಳಿದ್ದೇ ತಡ, ನಾನು ಅಳಲು ಶುರು ಮಾಡಿದೆ. ಆಕೆ ಅಳಬೇಡಿ ಅನ್ನಲಿಲ್ಲ. ಅತ್ತ ಕಡೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನನ್ನ ಅಳು ಮುಗಿಯುವ ತನಕ ಆಕೆ ಪಾತ್ರೆ ತೊಳೆದರು. ಆಮೇಲೆ ಕೇಳಿದರು, "ಕನ್ನಡ ಬಿಟ್ಟೀರೇನು ಕೂಸಿನ ಕೂಡ?"

"ಹೌದು. ಎಲ್ಲರೂ ಹೇಳಿದ್ರು..."

"ಬಿಡಬ್ಯಾಡ್ರಿ. ನಾನು ಎರಡು ವರ್ಷ ಬಿಟ್ಟಿದ್ದೆ. ಓದೂದೂ ಸುಧಾರಿಸಲಿಲ್ಲ, ಮಗಳು ನನ್ನ ಕೂಡ ಮಾತಾಡೂದೂ ನಿಂತು ಹೋತು. ಕನ್ನಡದಿಂದ ಆಗಿದ್ದಲ್ಲ ಇದು. ಬರೇ ಜಪಾನಿ ಮಾತಾಡೂ ಹುಡುಗರಿಗೂ ಆಗ್ತದ, ನಮ್ಮ ಹುಬ್ಬಳ್ಳ್ಯಾಗ ಬರೇ ಕನ್ನಡ ಮಾತಾಡೂ ಹುಡುಗರಿಗೂ ಆಗ್ತದ."

ಆಮೇಲೆ ಆಕೆ ಒಂದೊಂದಾಗಿ ಹೇಳುತ್ತಾ ಹೋದರು. ಎಷ್ಟೋ ಶಾಲೆಗಳಲ್ಲಿ, ಇಲ್ಲದಿದ್ದರೆ ಪಕ್ಕದ ಶಾಲೆಯಲ್ಲಿ, ಇಂಥ ಮಕ್ಕಳನ್ನು ವಾರಕ್ಕೊಮ್ಮೆ ಬೇರೆ ಕೋಣೆಗೆ ಕರೆದು ಒಬ್ಬೊಬ್ಬರಿಗೇ ಕಲಿಸುವ ಟೀಚರಿರುತ್ತಾರೆ, ಕೇಳಿದರೆ ಮಾತ್ರ ಸಿಗುತ್ತಾರೆ. ಶಾಲೆಯ ಪುಸ್ತಕವನ್ನೇ ಕಂಪ್ಯೂಟರು ಓದಿ ಹೇಳುವ ರೂಪದಲ್ಲಿ ತಯಾರು ಮಾಡುವವರಿದ್ದಾರೆ, ಓದುತ್ತಿರುವ ಪದಕ್ಕೆ ಬಣ್ಣ ಬರುತ್ತದೆ, ದುಡ್ಡೇನೂ ಕೊಡಬೇಕಿಲ್ಲ. ಅದೆಲ್ಲ ಬರುವ ತನಕ ಒಂದು ದಪ್ಪ ಕಾಗದದಲ್ಲಿ ಒಂದು ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ ಪುಟದ ಮೇಲಿಡಿ, ಉಳಿದ ಸಾಲುಗಳು ಕಣ್ಣಿಗೆ ಬೀಳದಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

"ಎಲ್ಲಿ ಕೇಳಿದ್ರೂ ಯೋಸು ಓ ಮಿಮಾಶೋ ಅಂತಾರೆ," ಅಂದೆ.

"ಅಂತಾರ್ರಿ. ಅಂದಾಗ, ಆಗ್ಲಿ, ನೋಡೂತನಕ ಏನು ಮಾಡೂಣು ಅಂತ ಕೇಳ್ರಿ. ನಗಕೋತನ ಕೇಳ್ರಿ, ಆದರ ಕೇಳ್ರಿ. ಜಪಾನಿ ಒಳಗ ಹೆಂಗ ಕೇಳೂದು ಅಂತ ನಾ ಹೇಳಿಕೊಡ್ತೀನಿ."

ಆ ವಾಕ್ಯವನ್ನು ನನಗೆ ಗಟ್ಟಿಯಾಗಿ ಹೇಳಿಸಿ, ತಿದ್ದಿಸಿ, ಮತ್ತೆ ಹೇಳಿಸಿ ಆಕೆ ಫೋನಿಟ್ಟರು. ಅವತ್ತು ಸಂಜೆ ಮಗಳ ತಲೆ ಬಾಚುತ್ತಾ ಕನ್ನಡದಲ್ಲಿ ಮಾತಾಡಿದೆ. ಏನು ಮಾತಾಡಿದೆನೋ ನೆನಪಿಲ್ಲ. ಅವಳು ನಡುವೆ ಒಂದು ಸಲವೂ ಎದ್ದು ಹೋಗಲಿಲ್ಲ.

ಅದೇ ದಿನಗಳಲ್ಲಿ ನಾನು ಇನ್ನೊಂದು ವಿಷಯ ಗಮನಿಸಿದ್ದೆ. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಇವರು ಕೆಲಸ ಮಾಡುವುದನ್ನು ನಾನು ನೋಡಿದ್ದೇ ಇಲ್ಲ. ಈಗ ಇಡೀ ದಿನ ಕಣ್ಣೆದುರು. ಮೀಟಿಂಗ್ ಇಲ್ಲದಾಗಲೂ ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು. ಹಾಡು ಕೇಳುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ಕಾಫಿ ಇಡಲು ಹೋದಾಗ ಅದು ಮೇಜಿನ ಮೇಲೆ ಬಿದ್ದಿತ್ತು, ಇವರು ಬಾತ್‌ರೂಮಿಗೆ ಹೋಗಿದ್ದರು. ಸಣ್ಣದಾಗಿ ಏನೋ ಗುಯ್‌ಗುಟ್ಟುತ್ತಿತ್ತು. ಕಿವಿಗಿಟ್ಟುಕೊಂಡೆ. ಯಂತ್ರದ ದನಿಯೊಂದು ಆಫೀಸಿನ ಮೇಲ್ ಓದುತ್ತಿತ್ತು, ನನಗೆ ಒಂದು ಪದವೂ ಹಿಡಿಯಲಾಗದಷ್ಟು ವೇಗದಲ್ಲಿ.

ಕಾಫಿ ಇಟ್ಟು ಬಂದುಬಿಟ್ಟೆ. ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ಇವರು ಪೇಪರ್ ಓದಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಮದುವೆಯ ಹೊಸತರಲ್ಲಿ ನಾನು ಕೊಟ್ಟ ಕಾದಂಬರಿಯನ್ನು 'ಆಮೇಲೆ ಓದ್ತೀನಿ' ಅಂತ ಇಟ್ಟವರು ಮುಟ್ಟಲಿಲ್ಲ. ಹೋಟೆಲಿನಲ್ಲಿ ಮೆನು ನನ್ನ ಕಡೆ ತಳ್ಳಿ, 'ನೀನೇ ಹೇಳು, ನೀನು ಹೇಳಿದ್ದೇ ನಂಗೂ' ಅನ್ನುತ್ತಿದ್ದರು. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೂ ಇದ್ದಿರಬಹುದು. ಕೇಳೋಣ ಅನ್ನಿಸಿತು, ಆದರೆ ಹೇಗೆ ಕೇಳುವುದು ಅಂತ ತಿಳಿಯಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆಯಿತು, ಮೊದಮೊದಲು ಅರ್ಧ ಮಕ್ಕಳು ಒಂದು ದಿನ, ಇನ್ನರ್ಧ ಇನ್ನೊಂದು ದಿನ. ನಾನು ಹೋಗಿ ಕೋಬೆಯವರು ಕಲಿಸಿದ ವಾಕ್ಯ ಹೇಳಿದೆ, ನಗುತ್ತಲೇ ಹೇಳಿದೆ. ತರಗತಿಯ ಟೀಚರು ಒಂದು ಕ್ಷಣ ನನ್ನನ್ನು ನೋಡಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಪಕ್ಕದ ಶಾಲೆಯಿಂದ ವಾರಕ್ಕೊಮ್ಮೆ ಬರುವ ಒಬ್ಬ ಸೆನ್ಸೈ, ಇಂಥ ಮಕ್ಕಳಿಗೆಂದೇ ಕಲಿಸುವ ಟೀಚರು, ಇದ್ದರು. ಅವರು ಮಗಳನ್ನು ಎರಡು ಮೂರು ಸಲ ಕರೆದು ಮಾತಾಡಿಸಿ, ಓದಿಸಿ ನೋಡಿ, ತಂದೆತಾಯಿ ಇಬ್ಬರೂ ಬರಬೇಕೆಂದರು.

ಇವರಿಗೆ ಬರಲು ಮನಸ್ಸಿರಲಿಲ್ಲ. "ನೀನು ಹೋಗಿ ಬಾ," ಅಂದರು. "ನನ್ನ ಜಪಾನಿ ಅಲ್ಲಿ ಸಾಲಲ್ಲ ರೀ, ನೀವು ಬರಲೇಬೇಕು," ಅಂದೆ. ಇವರ ಜಪಾನಿ ಬಹಳ ಚೆನ್ನಾಗಿತ್ತು. ಕಿವಿಯಿಂದಲೇ ಕಲಿತದ್ದು. ಫೋನಿನಲ್ಲಿ ಮಾತಾಡಿದರೆ ಜಪಾನಿನವರೇ ಅಂದುಕೊಳ್ಳುತ್ತಿದ್ದರು.

ಆ ಕೋಣೆಯ ಕಿಟಕಿಗಳನ್ನೆಲ್ಲ ತೆರೆದಿದ್ದರು. ಮೇಜಿನ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅದರ ಆಚೆ ಮಾಸ್ಕ್ ಹಾಕಿದ ಸೆನ್ಸೈ. ಐವತ್ತರ ಆಸುಪಾಸಿನ ಹೆಂಗಸು, ಅಂಗಿಯ ತೋಳು ಮೇಲೆ ಮಡಿಸಿದ್ದರು. ಅವರು ಹೇಳಿದ್ದನ್ನು ಇವರು ನನಗೆ ಕನ್ನಡದಲ್ಲಿ ಹೇಳುತ್ತಾ ಹೋದರು. ಮಗುವಿನ ಕಿವಿ ಚುರುಕಾಗಿದೆ. ನೆನಪು ತುಂಬಾ ಚೆನ್ನಾಗಿದೆ. ಅಕ್ಷರ ನೋಡಿದಾಗ ಅದರ ಸದ್ದು ತಲೆಗೆ ಬರುವುದು ನಿಧಾನ. ಇದು ಏನೆಂದು ಖಚಿತವಾಗಿ ಹೇಳಬೇಕಾದವರು ಡಾಕ್ಟರು, ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ಸಹಾಯ ಮಾಡಲು ಅಷ್ಟು ದಿನ ಕಾಯಬೇಕಿಲ್ಲ.

ಆಮೇಲೆ ಸೆನ್ಸೈ ಒಂದು ಪ್ರಶ್ನೆ ಕೇಳಿದರು. ಇವರು ನನ್ನ ಕಡೆ ತಿರುಗಿ, "ಮನೇಲಿ ಬೇರೆ ಯಾರಿಗಾದ್ರೂ ಓದೋದು ಕಷ್ಟ ಇತ್ತಾ ಅಂತ ಕೇಳ್ತಿದಾರೆ," ಅಂದರು.

"ನಮ್ಮ ಕಡೆ ಯಾರಿಗೂ ಇಲ್ಲ," ಅಂದೆ.

ಇವರು ಸೆನ್ಸೈ ಕಡೆ ತಿರುಗಿದರು. ನನ್ನ ನಾಲ್ಕು ಪದದ ಉತ್ತರವನ್ನು ಜಪಾನಿಯಲ್ಲಿ ಹೇಳಲು ಅಷ್ಟು ಹೊತ್ತು ಬೇಕಿರಲಿಲ್ಲ. ಇವರು ಮಾತಾಡುತ್ತಲೇ ಇದ್ದರು. 'ವತಾಶಿ ಮೋ' ಅನ್ನುವುದು ನನಗೆ ತಿಳಿಯಿತು. ನಾನೂ ಕೂಡ. ಆಮೇಲೆ 'ತಾಯಿ' ಅನ್ನುವ ಪದ ಬಂತು, 'ಶಾಲೆ', 'ಹೊಡೆತ'. ಸೆನ್ಸೈ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು, ಆಗಾಗ ಹೌದು ಅನ್ನುವ "ಹಾಯ್" ಹೇಳಿ ತಲೆಯಾಡಿಸುತ್ತಿದ್ದರು. ಇವರು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನಾನು ಇವರ ಕೈ ನೋಡುತ್ತಾ ಕೂತಿದ್ದೆ. ಮೊಣಕಾಲ ಮೇಲೆ ಇಟ್ಟುಕೊಂಡ ಎರಡು ಕೈಗಳನ್ನೂ ಶಾಲೆಯ ಹುಡುಗನ ಹಾಗೆ ಮುಷ್ಟಿ ಕಟ್ಟಿದ್ದರು.

ಕೊನೆಗೆ ಸೆನ್ಸೈ ತಲೆ ಬಾಗಿಸಿ ಅರಿಗಾತೋ, ಧನ್ಯವಾದ, ಹೇಳಿದರು. ಅವರು ನಮಗೆ ಯಾಕೆ ಹೇಳಬೇಕಿತ್ತೋ.

ಸಕಾಯ್ ಹೊಳೆಯ ದಂಡೆಯ ಮೇಲೆ ನಡೆದುಕೊಂಡು ಮನೆಗೆ ಬಂದೆವು. ಸ್ವಲ್ಪ ದೂರ ಬಂದ ಮೇಲೆ ಇವರು ಮಾಸ್ಕ್ ಕೆಳಗಿಳಿಸಿದರು.

"ನಿಂಗೆ ಎಷ್ಟು ಅರ್ಥ ಆಯ್ತು?"

"ಅರ್ಧ."

"ಉಳಿದರ್ಧ ಹೇಳ್ತೀನಿ."

ಶಾಲೆಯಲ್ಲಿ ಮೇಷ್ಟರು ಸಾಲಾಗಿ ಒಬ್ಬೊಬ್ಬರಿಂದ ಪಾಠ ಓದಿಸುವಾಗ, ಇವರು ತಮ್ಮ ಸರದಿ ಬರುವ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಕೇಳುತ್ತಿದ್ದರಂತೆ. ಅದು ಗೊತ್ತಾದ ಮೇಲೆ ನೀರೂ ಇಲ್ಲ, ಬೆತ್ತ. ದಡ್ಡ ಅನ್ನುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ಹೆಸರು ಕರೆದಂತೆಯೇ ಇರುತ್ತಿತ್ತಂತೆ.

"ಅಮ್ಮ ಮನೇಲಿ ಹುರುಳೀಕಾಯಿ ಬಿಡಿಸ್ತಾ ವಿಜ್ಞಾನದ ಪಾಠ ಓದಿ ಹೇಳ್ತಿದ್ಲು. ಅವಳಿಗೆ ಒಂದು ಚೂರೂ ಅರ್ಥ ಆಗ್ತಿರ್ಲಿಲ್ಲ. ನಂಗೆ ಎಲ್ಲಾ ಅರ್ಥ ಆಗ್ತಿತ್ತು. ಒಂದ್ಸಲ ಕೇಳಿದ್ರೆ ಸಾಕಿತ್ತು. ಕಾಲೇಜಲ್ಲಿ ಫ್ರೆಂಡ್ಸ್ ಓದೋರು, ನಾನು ಅವರಿಗೆ ವಿವರಿಸ್ತಿದ್ದೆ. ಕೋಡ್ ಬರೆಯೋದು ಅಷ್ಟು ಕಷ್ಟ ಆಗ್ಲಿಲ್ಲ, ಚಿಕ್ಕ ಚಿಕ್ಕ ಪದ, ಸಾಲಿಗೊಂದು ವಿಷಯ, ಬಣ್ಣ ಬೇರೆ ಇರತ್ತೆ. ಮೇಲ್ ಬಂದ್ರೆ ಮಾತ್ರ..."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಪ್ರೂಫ್ ನೋಡೋಳು," ಅಂದರು.

ಸೇತುವೆ ದಾಟಿದ ಮೇಲೆ ಇವರೇ ಮುಂದುವರಿಸಿದರು. "ಕನ್ನಡದಲ್ಲಿ ಹೇಳೋಕೆ ಎಷ್ಟೋ ಸಲ ಬಾಯಿ ತೆಗೆದಿದೀನಿ. ಆಗ್ಲಿಲ್ಲ. ಇವತ್ತು ಜಪಾನೀಸಲ್ಲಿ ಬೇರೆ ಯಾರದ್ದೋ ವಿಷಯ ಹೇಳ್ದಂಗಾಯ್ತು. ಹೆಸರಿಟ್ಟು ಅವಳನ್ನ ಪೇಷೆಂಟ್ ಮಾಡ್ಬೇಡ ಅಂದಿದ್ದು ಅದಕ್ಕೇ. ಹೆಸರು ಇಲ್ದೇ ಇದ್ರೆ ನಾನು ಬರೀ ಓದೋಕೆ ಸೋಮಾರಿ. ಅವಳಿಗೊಂದು ಹೆಸರು ಬಂದ್ರೆ ನಂಗೂ ಅದೇ ಹೆಸರು."

ಆ ಕ್ಷಣಕ್ಕೆ ನಾನು ಇವರ ಕೈ ಹಿಡಿದೆ ಅಂತ ಬರೆದರೆ ಚೆನ್ನಾಗಿರುತ್ತದೆ. ಹಿಡಿಯಲಿಲ್ಲ. ನನಗೆ ಕೋಪ ಬಂದಿತ್ತು. ಹತ್ತು ವರ್ಷ ಒಂದೇ ಮನೆಯಲ್ಲಿದ್ದು, ನನ್ನಿಂದ ಬಚ್ಚಿಡಲು ಇವರು ಪಟ್ಟ ಪಾಡನ್ನು ನೆನೆದು ಕೋಪ. ಮಗಳಿಗೆ ನಾನು ಇಪ್ಪತ್ತು ಸಲ ಬರೆಸುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಸುಮ್ಮನೆ ಕೂತಿದ್ದರಲ್ಲ ಅಂತ ಕೋಪ. ಒಂದೆರಡು ದಿನ ಬೇಕಾದಷ್ಟೇ ಮಾತಾಡಿದೆ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ, ಇವರು ರಟ್ಟಿನ ಡಬ್ಬಿಯೊಂದನ್ನು ಬ್ಲೇಡಿನಿಂದ ಕೊಯ್ದು ಮಗಳ ಪುಸ್ತಕದ ಅಳತೆಗೆ ಕಿಂಡಿ ಮಾಡುತ್ತಾ ಕೂತಿದ್ದರು. ಜಪಾನಿಯ ಸಾಲು ಮೇಲಿನಿಂದ ಕೆಳಗೆ ಇಳಿಯುತ್ತದೆ, ಹಾಗಾಗಿ ಕಿಂಡಿಯೂ ಉದ್ದಕ್ಕೆ. ಅಂಚು ಕೈಗೆ ತಾಗದಂತೆ ಟೇಪು ಸುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

ಬೇಸಿಗೆ ರಜೆ ಕಳೆದ ಮೇಲೆ ಮಗಳು ವಾರಕ್ಕೊಮ್ಮೆ ಸೆನ್ಸೈ ಕೋಣೆಗೆ ಹೋಗತೊಡಗಿದಳು. ಅಲ್ಲಿ ಮೊದಲು ಪುಸ್ತಕವೇ ಇಲ್ಲ, ಚಪ್ಪಾಳೆ. 'ಕಿತೆ' ಅನ್ನಲು ಎರಡು ಚಪ್ಪಾಳೆ. 'ಕಿತ್ತೆ' ಅನ್ನಲು ಒಂದು ಚಪ್ಪಾಳೆ, ನಡುವೆ ಸದ್ದಿಲ್ಲದ ಒಂದು ಮುಷ್ಟಿ, ಮತ್ತೆ ಒಂದು ಚಪ್ಪಾಳೆ. ಆ ಪುಟ್ಟ ಅಕ್ಷರ ಅಂದರೆ ಮುಷ್ಟಿ. ಅವಳು ಮನೆಗೆ ಬಂದು ನನಗೆ ತೋರಿಸಿದಾಗ ತಟ್ಟನೆ ಹೊಳೆಯಿತು.

"ಕನ್ನಡದಲ್ಲೂ ಇದೆ ಮರಿ. ಕತೆ," ಅಂತ ಎರಡು ಚಪ್ಪಾಳೆ ತಟ್ಟಿದೆ. "ಕತ್ತೆ," ಅಂತ ನಡುವೆ ಮುಷ್ಟಿ ಕಟ್ಟಿದೆ.

ಅವಳು ಬಿದ್ದು ಬಿದ್ದು ನಕ್ಕಳು. "ಅಮ್ಮ ಕತ್ತೆ ಹೇಳು! ಕತ್ತೆ ಹೇಳು!" ಅಷ್ಟು ಕನ್ನಡವನ್ನು ಅವಳ ಬಾಯಲ್ಲಿ ಒಟ್ಟಿಗೆ ಕೇಳಿ ಎಷ್ಟೋ ದಿನವಾಗಿತ್ತು. ಬಳಿ, ಬಳ್ಳಿ. ಹಳಿ, ಹಳ್ಳಿ. ಅಡುಗೆಮನೆಯಲ್ಲಿ, ಲಿಫ್ಟಿನಲ್ಲಿ, ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ನಾವು ಮುಷ್ಟಿ ಕಟ್ಟುತ್ತಾ ಓಡಾಡಿದೆವು. ಒತ್ತಕ್ಷರದ ಜೊತೆ ಬದುಕಿನ ಅರ್ಧ ಭಾಗ ಕಳೆದವಳು ನಾನು, ಅದನ್ನು ಕಿವಿಯಿಂದ ಕೇಳಿಸಿಕೊಂಡದ್ದು ಅದೇ ಮೊದಲು. ಸೆನ್ಸೈಗೆ ಹೇಳಿದಾಗ ಅವರು ತಾವೂ ಕಲಿಯಬೇಕೆಂದು ಮಾಸ್ಕಿನೊಳಗಿಂದಲೇ 'ಕತ್ತೆ, ಕತ್ತೆ' ಅಂತ ಹೇಳಿ ನೋಡಿದರು. ಮನೆಯ ಭಾಷೆ ಬಿಡಬೇಡಿ ಅಂತ ಅವರೂ ಹೇಳಿದರು.

ಮುಂದಿನ ವರ್ಷ ಶಾಲೆಯಲ್ಲಿ ಮಕ್ಕಳಿಗೆಲ್ಲ ಟ್ಯಾಬ್ಲೆಟ್ ಕೊಟ್ಟರು. ಓದಿ ಹೇಳುವ ಪಠ್ಯಪುಸ್ತಕವನ್ನು ಸೆನ್ಸೈ ಅದಕ್ಕೆ ಹಾಕಿಸಿಕೊಟ್ಟರು. ಮನೆಯಲ್ಲಿ ಅವಳು ಅದನ್ನು ಇಷ್ಟಪಟ್ಟಳು. ಶಾಲೆಯಲ್ಲಿ ಕೆಲವೇ ದಿನಕ್ಕೆ ಮುಟ್ಟುವುದನ್ನು ಬಿಟ್ಟಳು. ಎಷ್ಟು ಕೇಳಿದರೂ ಹೇಳಲಿಲ್ಲ. ಕೊನೆಗೆ ಊಟದ ಮೇಜಿನಲ್ಲಿ ಹೊರಬಂತು. ಪಕ್ಕದ ಹುಡುಗಿ "ಝುರುಯ್" ಅಂದಿದ್ದಳು. ಅದು ಮೋಸ, ನಿನಗೊಬ್ಬಳಿಗೇ ಸುಲಭ ಅನ್ನುವ ಅರ್ಥ.

ನಾನು ಶಾಲೆಗೆ ಹೋಗಿ ಮಾತಾಡುತ್ತೇನೆ ಅಂದೆ. ಇವರು ಬೇಡ ಅನ್ನುವಂತೆ ಕೈ ತೋರಿಸಿ, ಅವಳನ್ನು ತಮ್ಮ ಆಫೀಸಿನ ಮೂಲೆಗೆ ಕರೆದುಕೊಂಡು ಹೋದರು. ಇಯರ್‌ಫೋನಿನ ಒಂದು ತುದಿ ತಮ್ಮ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಮೇಲ್ ತೆರೆದರು.

"ಹಯಾಯ್!" ಎಷ್ಟು ಫಾಸ್ಟು ಅಂತ ಕಿರುಚಿದಳು. ಆಮೇಲೆ ಅಪ್ಪನ ಕಡೆ ತಿರುಗಿ ಕೇಳಿದಳು, "ಅಪ್ಪಂಗೂ ಓದೋಕೆ ಬರಲ್ವಾ?"

"ಬರತ್ತೆ. ಕಣ್ಣಿಂದ ನಿಧಾನ, ಕಿವಿಯಿಂದ ಬೇಗ."

"ಆಫೀಸಲ್ಲಿ ಝುರುಯ್ ಅಂತಾರಾ?"

ಇವರು ಆ ದನಿ ನಿಲ್ಲಿಸಿದರು. "ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ," ಅಂದರು. "ನಾನು ಹೇಳಿಲ್ಲ."

"ಯಾಕೆ?"

ಮುಂದಿನ ವಾರ ಇವರು ತಮ್ಮ ತಂಡದ ಹಿರಿಯ ಜಪಾನಿಗೆ ಹೇಳಿದರು. ಹೇಳುವ ಮುಂಚೆ ಕೋಣೆಯಲ್ಲಿ ಶತಪಥ ಹಾಕಿದರು. ಆತ ಕೇಳಿ, ಉದ್ದದ ವಿಷಯವಿದ್ದರೆ ಇನ್ನು ಮೇಲೆ ಫೋನ್ ಮಾಡುತ್ತೇನೆ ಅಂದರಂತೆ. ಅಷ್ಟೇ. ಇಷ್ಟು ವರ್ಷ ಹೆದರಿದ್ದು ಇಷ್ಟಕ್ಕಾ ಅಂತ ಇವರು ಸಂಜೆ ಪೂರ್ತಿ ಒಂದು ರೀತಿ ಮಂಕಾಗಿದ್ದರು. ಮಗಳು ತರಗತಿಯಲ್ಲಿ ಏನು ಹೇಳಿದಳೋ ನನಗೆ ಪೂರ್ತಿ ಗೊತ್ತಿಲ್ಲ. 'ನಮ್ಮಪ್ಪ ಕಂಪನಿಯಲ್ಲಿ ಹೀಗೇ ಓದುವುದು' ಅಂತ ಎದ್ದು ನಿಂತು ಹೇಳಿದಳೆಂದು ಟೀಚರು ತಿಳಿಸಿದರು. ಟ್ಯಾಬ್ಲೆಟ್ ಮತ್ತೆ ಹೊರಬಂತು. ಎಲ್ಲ ದಿನವೂ ಅಲ್ಲ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಮೂರನೇ ತರಗತಿಯಲ್ಲಿ ಚೀನೀ ಮೂಲದ ಕಾಂಜಿ ಅಕ್ಷರಗಳ ಪರೀಕ್ಷೆಯ ಹಾಳೆಗಳು ಸೊನ್ನೆ ಹೊತ್ತು ಬರುತ್ತಿದ್ದವು, ಅವಳು ಚೀಲದ ತಳದಲ್ಲಿ ಮುದುರಿಡುತ್ತಿದ್ದಳು. ಪ್ರಶ್ನೆಯನ್ನು ಯಾರಾದರೂ ಓದಿ ಹೇಳಿದರೆ ವಿಜ್ಞಾನದಲ್ಲಿ ಪೂರ್ತಿ ಅಂಕ, ಹೇಳದಿದ್ದರೆ ಅರ್ಧ. ಆಸ್ಪತ್ರೆಯ ಪರೀಕ್ಷೆಗೆ ಸರದಿ ಬಂದಾಗ, ನಮಗೆ ಗೊತ್ತಿದ್ದದ್ದನ್ನೇ ಡಾಕ್ಟರು ಹೆಸರಿಟ್ಟು ಹೇಳಿದರು. ಇವರು ಆ ಹೆಸರನ್ನು ಕೇಳಿ ಸುಮ್ಮನೆ ತಲೆಯಾಡಿಸಿದರು. ಭಾನುವಾರದ ಬೆಳಗುಗಳಲ್ಲಿ ನಾನು ಕನ್ನಡದ ಕತೆಗಳನ್ನು ಗಟ್ಟಿಯಾಗಿ ಓದುವ ಅಭ್ಯಾಸ ಶುರುವಾಯಿತು. ಮಗಳಿಗೆಂದು ಓದುತ್ತಿದ್ದೆ. ಅವಳು ನಡುವೆ ಎದ್ದು ಆಡಲು ಹೋದರೂ ಇವರು ಏಳುತ್ತಿರಲಿಲ್ಲ. "ನಿಲ್ಲಿಸ್ಬೇಡ, ಆಮೇಲೆ ಏನಾಯ್ತು?" ಅನ್ನುತ್ತಿದ್ದರು.

ಓಡಾಟದ ಕಟ್ಟುಪಾಡುಗಳು ಸಡಿಲವಾದ ಮೇಲೆ, ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ, ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿ ಕೋಬೆಗೆ ಹೋದೆವು. ಫೋನಿನಲ್ಲಿ ಎರಡು ವರ್ಷ ಕೇಳಿದ್ದ ದನಿಗೆ ನಾನೊಂದು ಎತ್ತರದ, ದಪ್ಪನೆಯ ಆಕೃತಿ ಕಟ್ಟಿಕೊಂಡಿದ್ದೆ. ಬಾಗಿಲು ತೆಗೆದವರು ನನ್ನ ಭುಜಕ್ಕೆ ಬರುತ್ತಿದ್ದರು. "ಬರ್ರಿ ಬರ್ರಿ, ಗುರುತಿನವರು," ಅಂತ ಗಟ್ಟಿಯಾಗಿ ನಕ್ಕರು. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಮಾಡಿದ್ದರು.

ಅವರ ಮಗಳು ಆಗ ಹೈಸ್ಕೂಲಿಗೆ ಸೇರಿ ಸ್ವಲ್ಪ ತಿಂಗಳಾಗಿತ್ತು. ಉದ್ದ ಜಡೆಯ, ಗಂಭೀರ ಮುಖದ ಹುಡುಗಿ. ನನ್ನ ಮಗಳು ಅವಳ ಎದುರು ಕೂತು ಒಂದಿಷ್ಟೂ ಮುನ್ನುಡಿಯಿಲ್ಲದೆ ಜಪಾನಿಯಲ್ಲಿ ಕೇಳಿದಳು, ಅಕ್ಕ, ನಿನಗೆ ಈಗ ಕಾಂಜಿ ಬರೆಯಲು ಬರುತ್ತಾ?

ನಾನು ತಟ್ಟೆ ಹಿಡಿದು ಅಲ್ಲೇ ನಿಂತೆ. ಬರುತ್ತದೆ ಅನ್ನಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ," ಅಂದಳು ಆ ಹುಡುಗಿ. ಓದಲು ಬರುತ್ತದೆ, ನಿಧಾನಕ್ಕೆ. ಬರೆಯಲು ಬರುವುದಿಲ್ಲ. ಬಹುಶಃ ಮುಂದೆಯೂ ಬರುವುದಿಲ್ಲ. ಟೈಪ್ ಮಾಡುತ್ತೇನೆ. ಪ್ರವೇಶ ಪರೀಕ್ಷೆಗೆ ಹೆಚ್ಚು ಸಮಯ ಕೇಳಿದೆ, ಕೊಟ್ಟರು, ಬೇರೆ ಕೋಣೆಯಲ್ಲಿ ಕೂತು ಬರೆದೆ. ಆ ಕೋಣೆಯಲ್ಲಿ ತುಂಬಾ ಚಳಿಯಿತ್ತು.

ನನ್ನ ಮಗಳು ಅದನ್ನೆಲ್ಲ ಬಹಳ ಗಮನವಿಟ್ಟು ಕೇಳಿದಳು. ಅವಳ ಮುಖ ಬಾಡಲಿಲ್ಲ. ನಾವು ದೊಡ್ಡವರು ಅವಳಿಗೆ 'ಪ್ರಯತ್ನ ಮಾಡಿದರೆ ಬರುತ್ತದೆ' ಅಂತ ಎಷ್ಟು ಸಲ ಹೇಳಿದ್ದೆವೋ. ಇಲ್ಲ ಅಂತ ಹೇಳಿ, ಆಮೇಲೂ ಆರಾಮಾಗಿ ರೊಟ್ಟಿ ಮುರಿದು ತಿನ್ನುತ್ತಾ ಕೂತವರನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

"ಕೋಟು ಹಾಕಿಕೊಂಡು ಹೋಗಬೇಕಿತ್ತು," ಅಂದಳು ಕೊನೆಗೆ.

"ಹೌದು," ಅಂದಳು ಆ ಹುಡುಗಿ. "ನೀನು ಹಾಕಿಕೊಂಡು ಹೋಗು."

ಆಮೇಲೆ ಇಬ್ಬರೂ ಅವಳ ಲ್ಯಾಪ್‌ಟಾಪ್ ತೆಗೆದುಕೊಂಡು ಒಳಗೆ ಹೋದರು. ಇವರು, "ಇನ್ನೊಂದು ರೊಟ್ಟಿ ಹಾಕ್ರಿ," ಅಂತ ಮೈಸೂರಿನ ನಾಲಿಗೆಯಲ್ಲಿ ಹುಬ್ಬಳ್ಳಿ ಕನ್ನಡ ಮಾತಾಡಲು ಹೋಗಿ ನಗೆಪಾಟಲಾದರು.